ಗೆದ್ದರೆ ಸಾಲದು, ಹದಿನೆಂಟರಿಂದ ಗೆಲ್ಲಬೇಕು

2024ರ ಮೇ ಮೂರನೇ ವಾರ ಯಲಹಂಕ ನ್ಯೂ ಟೌನಿನ ದರ್ಶಿನಿಗಳಲ್ಲಾಗಲಿ, ಯಶವಂತಪುರದ ಮೆಟ್ರೊ ಮೆಟ್ಟಿಲ ಮೇಲಾಗಲಿ, ಆರ್.ಟಿ. ನಗರದ ಕಟಿಂಗ್ ಶಾಪಿನಲ್ಲಾಗಲಿ ‘ಆರ್‌ಸಿಬಿ ಗೆಲ್ಲುತ್ತಾ?’ ಎಂದು ಯಾರೂ ಕೇಳುತ್ತಿರಲಿಲ್ಲ. ‘ಎಷ್ಟರಲ್ಲಿ ಗೆಲ್ಬೇಕಂತೆ?’ ಎಂದೇ ಕೇಳುತ್ತಿದ್ದರು. ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿತ್ತು: ಮೊದಲು ಬ್ಯಾಟ್ ಮಾಡಿ 200 ಹೊಡೆದರೆ 18 ರನ್ನಿಂದ ಗೆಲ್ಲಬೇಕು, ಅಷ್ಟನ್ನೇ ಬೆನ್ನಟ್ಟುವುದಾದರೆ 18.1 ಓವರಿನಲ್ಲಿ ಮುಗಿಸಬೇಕು. ಪಂದ್ಯದ ತಾರೀಕು ಮೇ 18. ವಿರಾಟ್ ಕೊಹ್ಲಿ ತೊಡುವ ಅಂಗಿಯ ಸಂಖ್ಯೆಯೂ 18. ಸಂಖ್ಯಾಶಾಸ್ತ್ರ ಹೇಳುವವರಿಗೆ ಅದು ಸುಗ್ಗಿಯ ಕಾಲ.

ಎದುರಾಳಿ ಚೆನ್ನೈ ಸೂಪರ್ ಕಿಂಗ್ಸ್. ಎರಡೂ ತಂಡಗಳಿಗೆ ಅದು ಲೀಗ್ ಹಂತದ ಹದಿನಾಲ್ಕನೆಯ, ಅಂದರೆ ಕೊನೆಯ ಪಂದ್ಯ. ಚೆನ್ನೈ ಬಳಿ 14 ಅಂಕ, ಬೆಂಗಳೂರಿನ ಬಳಿ 12. ಪ್ಲೇ ಆಫ್‌ಗೆ ಉಳಿದದ್ದು ಒಂದೇ ಜಾಗ. ಬೆಂಗಳೂರು ಗೆದ್ದರೆ ಇಬ್ಬರೂ 14ರಲ್ಲಿ ಸಮ. ಅಲ್ಲಿಂದ ಮುಂದೆ ತೀರ್ಪು ಹೇಳುವುದು ನೆಟ್ ರನ್ ರೇಟ್. ಹಾಗಾಗಿ ಆ ರಾತ್ರಿ ಒಂದು ವಿಚಿತ್ರ ಸಾಧ್ಯತೆ ಎದುರಿಗಿತ್ತು. ಬೆಂಗಳೂರು 17 ರನ್ನಿಂದ ಗೆದ್ದು ಅಳಬಹುದಿತ್ತು, ಚೆನ್ನೈ 17 ರನ್ನಿಂದ ಸೋತು ಕುಣಿಯಬಹುದಿತ್ತು.

ಒಂದು ಪಂದ್ಯ ನೋಡುವುದು ಬೇರೆ, ಒಂದು ತಂಡವನ್ನು ಋತುವಿನ ಕೊನೆಯವರೆಗೆ ಹಿಂಬಾಲಿಸುವುದು ಬೇರೆ. ಮೊದಲನೆಯದಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ ಲೆಕ್ಕದ ಪುಸ್ತಕ ಬೇಕು, ನೆನಪು ಬೇಕು, ಹೊಟ್ಟೆಕಿಚ್ಚೂ ಸ್ವಲ್ಪ ಬೇಕು. ಕೊನೆಯ ಪಂದ್ಯದ ದಿನ ಹಿಂದೆ ಆಡಿ ಮರೆತ ಪಂದ್ಯಗಳೆಲ್ಲ ಮತ್ತೆ ಮೈದಾನಕ್ಕಿಳಿಯುತ್ತವೆ. ಆ ಮೇ 18ರಂದು ಹೀಗೆ ಇಳಿದ ಪಂದ್ಯಗಳಲ್ಲಿ ಒಂದನ್ನಂತೂ ಯಾರೂ ನಿರೀಕ್ಷಿಸಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಆ ವರ್ಷ ಶುರುವಾದದ್ದೇನೋ ಚೆನ್ನಾಗಿಯೇ. ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂದಾನ ನಾಯಕತ್ವದ ಮಹಿಳಾ ತಂಡ ಡಬ್ಲ್ಯುಪಿಎಲ್ ಕಪ್ ಎತ್ತಿತು. ಫೈನಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 4 ವಿಕೆಟ್ ಕಿತ್ತರು. ಎರಡು ದಿನದ ನಂತರ ತಂಡದ ಹೆಸರಿನಲ್ಲಿದ್ದ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು. ಹೆಸರು ಬದಲಾದ ಮೇಲೆ ಹಣೆಬರಹವೂ ಬದಲಾದೀತು ಎಂದುಕೊಂಡವರಿಗೆ ಏಪ್ರಿಲ್ ಪಾಠ ಕಲಿಸಿತು. ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋಲು, ಅದರಲ್ಲಿ ಆರು ಸಾಲಾಗಿ. ಏಪ್ರಿಲ್ 21ರಂದು ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತ ಎದುರು ಒಂದೇ ಒಂದು ರನ್ನಿನ ಸೋಲು. ಹತ್ತು ತಂಡಗಳ ಪಟ್ಟಿಯಲ್ಲಿ ಹತ್ತನೆಯ ಜಾಗ, ನೆಟ್ ರನ್ ರೇಟ್ ಮೈನಸ್ 1.046. ಕೆಂಪು ಜೆರ್ಸಿ ಬೀರುವಿಗೆ ಹೋಯಿತು. ‘ಈ ಸಲ ಕಪ್ ನಮ್ದೆ’ ಎನ್ನುವುದನ್ನು ಆರ್‌ಸಿಬಿ ಅಭಿಮಾನಿಗಳೇ ತಮ್ಮನ್ನು ತಾವು ಗೇಲಿ ಮಾಡಿಕೊಳ್ಳಲು ಬಳಸತೊಡಗಿದರು.

ಆಮೇಲಿನದು ಬಹಳ ಮಂದಿಗೆ ನೆನಪಿದೆ. ಹೈದರಾಬಾದಿನಲ್ಲಿ 35 ರನ್ನಿನ ಗೆಲುವು. ಅಹಮದಾಬಾದಿನಲ್ಲಿ ವಿಲ್ ಜ್ಯಾಕ್ಸ್ 41 ಎಸೆತಗಳಲ್ಲಿ ನೂರು ಬಾರಿಸಿ 201ರ ಗುರಿಯನ್ನು 16 ಓವರಿನಲ್ಲೇ ಮುಗಿಸಿದ್ದು. ಮೇ 4ರಂದು ಇಲ್ಲೇ ಗುಜರಾತ್ ವಿರುದ್ಧ 13.4 ಓವರಿನಲ್ಲಿ ಆಟ ಮುಗಿದದ್ದು. ಧರ್ಮಶಾಲಾದಲ್ಲಿ ಪಂಜಾಬ್ ಮೇಲೆ 60 ರನ್, ಮೇ 12ರಂದು ಇಲ್ಲಿ ಡೆಲ್ಲಿ ಮೇಲೆ 47 ರನ್. ಐದಕ್ಕೆ ಐದೂ ಗೆಲುವು, ಒಂದೊಂದೂ ದೊಡ್ಡದು. ಮೈನಸ್ಸಿನಲ್ಲಿದ್ದ ರೇಟು ಪ್ಲಸ್ 0.387ಕ್ಕೆ ಏರಿತು. ಬೀರುವಿನಿಂದ ಜೆರ್ಸಿ ಹೊರಗೆ ಬಂತು.

ನೆಟ್ ರನ್ ರೇಟ್ ಎಂದರೆ ಭಯಪಡುವಂಥದ್ದೇನಲ್ಲ. ಟೂರ್ನಿಯುದ್ದಕ್ಕೂ ನೀವು ಹೊಡೆದ ರನ್ನುಗಳನ್ನೆಲ್ಲ ಕೂಡಿಸಿ, ನೀವು ಆಡಿದ ಓವರುಗಳಿಂದ ಭಾಗಿಸಿ. ಎದುರಾಳಿಗಳಿಗೆ ಕೊಟ್ಟ ರನ್ನುಗಳನ್ನೂ ಹಾಗೆಯೇ ಭಾಗಿಸಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಅಷ್ಟೇ. ಒಂದು ಉಪನಿಯಮವಿದೆ: ತಂಡ ಆಲೌಟ್ ಆದರೆ ಅದು ಎಷ್ಟೇ ಓವರ್ ಆಡಿದ್ದರೂ ಪೂರ್ತಿ 20 ಓವರ್ ಎಂದು ಹಿಡಿಯುತ್ತಾರೆ. ಇಲ್ಲದಿದ್ದರೆ ಹತ್ತು ಓವರಿನಲ್ಲಿ 90ಕ್ಕೆ ಉದುರಿದವರ ರೇಟು ಚೆಂದ ಕಾಣುತ್ತಿತ್ತು. ಮಳೆಯಿಂದ ರದ್ದಾದ ಪಂದ್ಯ ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ 18 ಎಲ್ಲಿಂದ ಬಂತು? ಕಾಗದ ಪೆನ್ನು ಸಾಕು. ಪಂದ್ಯಕ್ಕೆ ಮುಂಚೆ ಚೆನ್ನೈ ರೇಟು 0.528, ಬೆಂಗಳೂರಿನದು 0.387. ಅಂತರ 0.141. ಆಗಲೇ ಮುಗಿದ 13 ಪಂದ್ಯಗಳಿಂದ ಇದನ್ನು ಗುಣಿಸಿದರೆ 1.83. ಬೆಂಗಳೂರು ಗೆದ್ದ ಒಂದೊಂದು ರನ್ನೂ ಎರಡು ಕಡೆ ಕೆಲಸ ಮಾಡುತ್ತದೆ: ತನ್ನ ರೇಟು ಏರಿಸುತ್ತದೆ, ಚೆನ್ನೈಯದನ್ನು ಇಳಿಸುತ್ತದೆ. ಆದ್ದರಿಂದ 1.83ನ್ನು ಎರಡರಿಂದ ಭಾಗಿಸಿ: 0.92. ಇದು ಓವರಿಗೆ ಬೇಕಾದ ಮೇಲುಗೈ. ಇಪ್ಪತ್ತು ಓವರಿಗೆ 18 ಚಿಲ್ಲರೆ. ಹಿಂದಿನ ಪಂದ್ಯಗಳಲ್ಲಿ ಎರಡೂ ತಂಡಗಳು ಆಡಿದ ಓವರುಗಳು ನಿಖರವಾಗಿ ಇಪ್ಪತ್ತಿಪ್ಪತ್ತು ಅಲ್ಲವಾದ್ದರಿಂದ ಆ ಚಿಲ್ಲರೆ ಅಳಿಸಿಹೋಗಿ ಉತ್ತರ 18ಕ್ಕೇ ನಿಂತಿತು. ಏಳನೇ ತರಗತಿಯ ಗಣಿತ. ಟೀವಿಯವರು ಇದನ್ನು ಬಣ್ಣಬಣ್ಣದ ಪಟ್ಟಿ ಹಾಕಿ ರಾಕೆಟ್ ವಿಜ್ಞಾನದ ಹಾಗೆ ತೋರಿಸುತ್ತಾರೆ, ಅದು ಅವರ ಹೊಟ್ಟೆಪಾಡು.

ಈಗ ಆ ಮರೆತ ಪಂದ್ಯಕ್ಕೆ ಬರೋಣ. ಏಪ್ರಿಲ್ 15, ಚಿನ್ನಸ್ವಾಮಿ. ಹೈದರಾಬಾದ್ 3 ವಿಕೆಟ್‌ಗೆ 287 ಹೊಡೆಯಿತು. ಟ್ರಾವಿಸ್ ಹೆಡ್ 41 ಎಸೆತಗಳಲ್ಲಿ 102. ಅರ್ಧ ಊರು ಆಗಲೇ ಟೀವಿ ಆರಿಸಿ ಮಲಗಿತು. ಬೆಂಗಳೂರು ಕುಸಿಯುತ್ತಾ ಹೋದಂತೆ ದಿನೇಶ್ ಕಾರ್ತಿಕ್ ಬಂದು 35 ಎಸೆತಗಳಲ್ಲಿ 83 ಚಚ್ಚಿದರು. ತಂಡ 7 ವಿಕೆಟ್‌ಗೆ 262ಕ್ಕೆ ಮುಟ್ಟಿ 25 ರನ್ನಿಂದ ಸೋತಿತು. ಸೋತ ಪಂದ್ಯದಲ್ಲಿ ಎಂಬತ್ತಮೂರು ಹೊಡೆದರೆ ಏನು ಬಂತು ಎಂದು ಮಾರನೆಯ ದಿನ ಗೊಣಗಿದವರು ನಮ್ಮ ಬೀದಿಯಲ್ಲೂ ಇದ್ದರು. ಆದರೆ ಲೀಗ್ ಮುಗಿದಾಗ ಬೆಂಗಳೂರಿನ ರೇಟು 0.459, ಚೆನ್ನೈಯದು 0.392. ವ್ಯತ್ಯಾಸ 0.067. ಇದನ್ನು ರನ್ನಿಗೆ ತಿರುಗಿಸಿದರೆ ಇಡೀ ಋತುವಿಗೆ ಸುಮಾರು 19 ರನ್. ಅಂದರೆ ಏಪ್ರಿಲ್ 15ರ ಆ ‘ವ್ಯರ್ಥ’ ರಾತ್ರಿ ಬೆಂಗಳೂರು 262ರ ಬದಲು 240ಕ್ಕೆ ನಿಂತಿದ್ದರೆ, ಮೇ 18ರಂದು ಏನೆಲ್ಲ ನಡೆಯಿತೋ ಅದಷ್ಟೂ ನಡೆದಿದ್ದರೂ ಚೆನ್ನೈಯೇ ಮುಂದೆ ಹೋಗುತ್ತಿತ್ತು. ಎಷ್ಟರಲ್ಲಿ ಸೋಲುತ್ತೀರಿ ಎನ್ನುವುದೂ ಲೀಗಿನಲ್ಲಿ ಜಮೆಯಾಗುತ್ತದೆ. ಕೋಲ್ಕತ್ತದ ಒಂದು ರನ್ನಿನ ಸೋಲು ಎದೆ ಸುಟ್ಟಿತೇ ಹೊರತು ರೇಟಿಗೆ ಏನೂ ಮಾಡಲಿಲ್ಲ. ನಿಜವಾಗಿ ರೇಟು ಕೆಡಿಸಿದ್ದು ಏಪ್ರಿಲ್ 11ರ ಮುಂಬಯಿ: 197ರ ಗುರಿಯನ್ನು ಆ ತಂಡ 15.3 ಓವರಿನಲ್ಲೇ ತಲುಪಿತು.

ಋತುವಿನ ಕೊನೆಯಲ್ಲಿ ಲೆಕ್ಕ ಮಾಡುತ್ತಾ ಕೂರುವ ಈ ಕಾಯಿಲೆ ನಮಗೊಬ್ಬರಿಗೇ ಇಲ್ಲ. ಜಪಾನಿನಲ್ಲಿ ಅದು ಪೂರ್ತಿ ಬೆಳೆದ ಸಂಸ್ಕೃತಿ. ಅಲ್ಲಿನ ವೃತ್ತಿಪರ ಬೇಸ್‌ಬಾಲಿನಲ್ಲಿ ಎರಡು ಲೀಗ್, ಒಂದೊಂದರಲ್ಲಿ ಆರು ತಂಡ. ಒಂದು ತಂಡ ವರ್ಷಕ್ಕೆ 143 ಪಂದ್ಯ ಆಡುತ್ತದೆ. ನಮ್ಮ 14 ಪಂದ್ಯಗಳಿಗೇ ನಮಗೆ ರಕ್ತದೊತ್ತಡ. ಅವರು ಮಾರ್ಚ್ ಕೊನೆಯಿಂದ ಅಕ್ಟೋಬರಿನವರೆಗೆ ವಾರಕ್ಕೆ ಐದಾರು ದಿನ ಇದನ್ನು ಅನುಭವಿಸುತ್ತಾರೆ. ಸೆಪ್ಟೆಂಬರ್ ಬಂತೆಂದರೆ ಪತ್ರಿಕೆಗಳಲ್ಲಿ ‘ಮ್ಯಾಜಿಕ್’ ಎಂಬ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಅಗ್ರಸ್ಥಾನದ ತಂಡ ಇನ್ನೆಷ್ಟು ಪಂದ್ಯ ಗೆದ್ದರೆ ಬೇರೆ ಯಾರೂ ಅದನ್ನು ಹಿಂದಿಕ್ಕಲಾರರು ಎಂಬ ಎಣಿಕೆ ಅದು. ಪ್ರತಿಸ್ಪರ್ಧಿ ಸೋತರೆ ನೀವು ಆಡದೆಯೇ ಅದು ಒಂದು ಇಳಿಯುತ್ತದೆ. ಸೊನ್ನೆಗೆ ಇಳಿದ ದಿನ ತರಬೇತುದಾರನನ್ನು ಆಟಗಾರರು ಗಾಳಿಗೆ ಎಸೆದು ಹಿಡಿಯುತ್ತಾರೆ.

ಅಲ್ಲಿನವರು ಇಂದಿಗೂ ‘ಹತ್ತು-ಹತ್ತೊಂಬತ್ತು’ ಎಂದಷ್ಟೇ ಹೇಳಿ ನಿಟ್ಟುಸಿರು ಬಿಡುವ ದಿನ ಒಂದಿದೆ: 1988ರ ಅಕ್ಟೋಬರ್ 19. ಒಸಾಕಾ ಕಡೆಯ ರೈಲ್ವೆ ಕಂಪನಿ ಕಿಂಟೆತ್ಸು, ಅದರ ತಂಡ ಬಫಲೋಸ್. ಲೀಗ್ ಗೆಲ್ಲಬೇಕಾದರೆ ಅಂದು ಕವಾಸಾಕಿಯಲ್ಲಿ ಒಂದೇ ದಿನ ಎರಡು ಪಂದ್ಯ ಆಡಿ ಎರಡನ್ನೂ ಗೆಲ್ಲಬೇಕಿತ್ತು. ಎದುರಾಳಿ ಲೋಟ್ಟೆ ಪಟ್ಟಿಯ ಕಟ್ಟಕಡೆಯ ತಂಡ, ಅದಕ್ಕೆ ಗೆದ್ದರೂ ಸೋತರೂ ಒಂದೇ. ಮಾಮೂಲಾಗಿ ಖಾಲಿ ಹೊಡೆಯುವ ಆ ಕ್ರೀಡಾಂಗಣ ಅಂದು ತುಂಬಿ, ಸುತ್ತಲಿನ ಕಟ್ಟಡಗಳಿಂದಲೂ ಜನ ಇಣುಕಿದರು. ಮೊದಲ ಪಂದ್ಯವನ್ನು ಕಿಂಟೆತ್ಸು ಕೊನೆಯ ಸುತ್ತಿನಲ್ಲಿ 4-3ರಿಂದ ಗೆದ್ದಿತು. ಎರಡನೆಯದು 4-4ರಲ್ಲಿ ಸಿಕ್ಕಿಕೊಂಡಿತು. ನಾಲ್ಕು ಗಂಟೆ ದಾಟಿದ ಮೇಲೆ ಹೊಸ ಸುತ್ತು ಶುರು ಮಾಡುವಂತಿಲ್ಲ ಎಂಬುದು ಆಗಿನ ನಿಯಮ. ಹತ್ತನೇ ಸುತ್ತಿನಲ್ಲಿ ಕಿಂಟೆತ್ಸು ಬ್ಯಾಟಿಂಗ್ ಮುಗಿಯುವಷ್ಟರಲ್ಲಿ ಸಮಯವೂ ಮುಗಿಯುತ್ತಾ ಬಂದಿತ್ತು. ಇನ್ನು ಗೆಲ್ಲಲು ಸಾಧ್ಯವೇ ಇಲ್ಲವೆಂದು ಗೊತ್ತಿದ್ದೂ ಆಟಗಾರರು ಫೀಲ್ಡಿಂಗಿಗೆ ಇಳಿದು ಉಳಿದರ್ಧ ಸುತ್ತನ್ನು ಆಡಿ ಮುಗಿಸಿದರು. ಪಂದ್ಯ ಡ್ರಾ. ಲೀಗ್ ಸೇಬು ತಂಡದ ಪಾಲಾಯಿತು.

ಕಿಂಟೆತ್ಸು ಆ ವರ್ಷ ಗೆದ್ದದ್ದು 74, ಸೇಬು ಗೆದ್ದದ್ದು 73. ಹೆಚ್ಚು ಗೆದ್ದವರೇ ಎರಡನೆಯವರಾದರು. ಏಕೆಂದರೆ ಜಪಾನಿನಲ್ಲಿ ಡ್ರಾ ಆದ ಪಂದ್ಯಗಳನ್ನು ಬಿಟ್ಟು ಗೆಲುವಿನ ಪ್ರಮಾಣ ನೋಡುತ್ತಾರೆ. ಸೇಬು ಒಂದು ಪಂದ್ಯ ಕಡಿಮೆ ಸೋತಿತ್ತು, ಹಾಗಾಗಿ ಅದರದು .589, ಕಿಂಟೆತ್ಸುವಿನದು .587. ನಮ್ಮ 0.067ಕ್ಕಿಂತ ಎಷ್ಟೋ ತೆಳುವಾದ ಗೆರೆ. ಕಿಂಟೆತ್ಸು ಮರುವರ್ಷ ಲೀಗ್ ಗೆದ್ದು ಸೇಡು ತೀರಿಸಿಕೊಂಡಿತು, ಆದರೆ ರಾಷ್ಟ್ರೀಯ ಪಟ್ಟ ಒಮ್ಮೆಯೂ ಸಿಗದೆ 2004ರಲ್ಲಿ ಇನ್ನೊಂದು ತಂಡದೊಳಗೆ ಕರಗಿಹೋಯಿತು. ಆರ್‌ಸಿಬಿ ಅಭಿಮಾನಿಗಳು ಬಹಳ ಕಾಲ ತಮ್ಮಂಥ ನತದೃಷ್ಟರಿಲ್ಲ ಎಂದು ಎದೆ ಬಡಿದುಕೊಂಡರಲ್ಲ, ಅವರು ಒಸಾಕಾದವರ ಜೊತೆ ಒಂದು ಸಂಜೆ ಕೂರಬೇಕಿತ್ತು.

ಊರಿಗೆ ಮರಳೋಣ. ಉತ್ತರ ಬೆಂಗಳೂರಿನವರಿಗೆ ಚಿನ್ನಸ್ವಾಮಿ ಹತ್ತಿರವೂ ಅಲ್ಲ, ದೂರವೂ ಅಲ್ಲ. ಅದು ನೀವು ಯಾವ ಮೂಲೆಯಲ್ಲಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಯಶವಂತಪುರದವರು ಪುಣ್ಯವಂತರು. 2017ರ ಜೂನಿನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ಮುಟ್ಟಿದಾಗಿನಿಂದ ಅವರು ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ಮೂರನೇ ನಿಲ್ದಾಣ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಕ್ರೀಡಾಂಗಣ ಕಣ್ಣೆದುರು. ಪಂದ್ಯದ ರಾತ್ರಿ ಕೊನೆಯ ರೈಲನ್ನು ತಡವಾಗಿ ಬಿಡುತ್ತಾರೆ, ವಾಪಸು ಬರಲು 50 ರೂಪಾಯಿಯ ಕಾಗದದ ಟಿಕೆಟನ್ನೂ ಮುಂಚೆಯೇ ಕೊಡುತ್ತಿದ್ದರು. ಹೆಬ್ಬಾಳ, ಯಲಹಂಕ, ಆರ್.ಟಿ. ನಗರದವರ ಕತೆ ಬೇರೆ. ವಿಮಾನ ನಿಲ್ದಾಣದ ನೀಲಿ ಮಾರ್ಗದ ಕಂಬಗಳು ಬಳ್ಳಾರಿ ರಸ್ತೆಯುದ್ದಕ್ಕೂ ಎದ್ದು ನಿಂತು ಎಷ್ಟು ಕಾಲವಾಯಿತು, ರೈಲಿಗಾಗಿ ಇನ್ನೂ ಕಾಯುತ್ತಿದ್ದೇವೆ. ಸಂಜೆ ಏಳೂವರೆಯ ಪಂದ್ಯಕ್ಕೆ ಯಲಹಂಕದಿಂದ ಹೊರಟವನಿಗೆ ಮೊದಲ ಎದುರಾಳಿ ಹೆಬ್ಬಾಳದ ಮೇಲ್ಸೇತುವೆ, ಎರಡನೆಯದು ಮೇಖ್ರಿ ವೃತ್ತ. ಇವೆರಡನ್ನೂ ಗೆದ್ದವನಿಗೆ ಮಾತ್ರ ಕ್ರಿಕೆಟ್. ಬಿಎಂಟಿಸಿ ಪಂದ್ಯದ ರಾತ್ರಿ ಯಲಹಂಕ, ಬಾಗಲೂರು ಕಡೆ ವಿಶೇಷ ಬಸ್ಸು ಬಿಡುವುದರಿಂದ ಬರುವ ಚಿಂತೆಯಾದರೂ ಸ್ವಲ್ಪ ಕಡಿಮೆ.

ಆದರೆ ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಒಂದೂಕಾಲು ಕೋಟಿ ಜನರ ಊರು. ಕೊನೆಯ ಪಂದ್ಯಕ್ಕೆ ಟಿಕೆಟ್ ಸಿಗುವುದು ಕನಸಿನ ಮಾತು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ತಂಡವನ್ನು ಹಿಂಬಾಲಿಸುವುದು ಮನೆಯಿಂದಲೇ, ಕನ್ನಡ ಕಾಮೆಂಟರಿ ಹಾಕಿಕೊಂಡು. ಇಲ್ಲೂ ಒಂದು ಚೋದ್ಯವಿದೆ. ಕೇಬಲ್ಲಿನಲ್ಲಿ ಬರುವ ಚಿತ್ರ ಮೊಬೈಲಿನ ಚಿತ್ರಕ್ಕಿಂತ ಮುಂದಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರದು ಕೇಬಲ್, ಕೆಳಗಿನವರದು ಮೊಬೈಲು ಎಂದಾದರೆ, ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಮೇಲಿನಿಂದ ‘ಹೋ’ ಎಂಬ ಕೂಗು ಬಿದ್ದು ಕೆಳಗಿನವರ ಭವಿಷ್ಯ ಬಯಲಾಗುತ್ತದೆ. ಕೊನೆಯ ಓವರಿನ ಹೊತ್ತಿಗೆ ನಮ್ಮ ಕಟ್ಟಡದಲ್ಲಿ ಕೆಲವರು ಕಿಟಕಿ ಮುಚ್ಚಿಕೊಂಡು ನೋಡುತ್ತಾರೆ.

ಅಂದು ಎಲ್ಲರಿಗೂ ಹೆದರಿಕೆ ಇದ್ದದ್ದು ಮಳೆಯದು. ಇದೇ ಊರು ಎರಡು ತಿಂಗಳ ಹಿಂದೆ ಒಂದು ಹನಿಗಾಗಿ ಆಕಾಶ ನೋಡುತ್ತಿತ್ತು. ಆ ಮಾರ್ಚಿನ ನೀರಿನ ಬರ ಯಾರೂ ಮರೆತಿಲ್ಲ: ಬತ್ತಿದ ಬೋರ್‌ವೆಲ್, ಬೆಳಗಾಗುವ ಮುಂಚೆ ಟ್ಯಾಂಕರಿಗೆ ಫೋನು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಕ್ರೀಡಾಂಗಣದ ಹುಲ್ಲಿಗೂ ಕಬ್ಬನ್ ಪಾರ್ಕಿನ ಘಟಕದ ಸಂಸ್ಕರಿಸಿದ ನೀರನ್ನೇ ಕೊಡಬೇಕಾಯಿತು. ಮೇ ತಿಂಗಳಲ್ಲಿ ಮಳೆ ಬಂದಾಗ ಹಬ್ಬ ಮಾಡಿದ ಜನ, 18ರಂದು ಮಾತ್ರ ‘ಇವತ್ತೊಂದು ದಿನ ಬೇಡಪ್ಪ’ ಎಂದು ಬೇಡಿಕೊಂಡರು. ಕಾರಣ ಸರಳ. ಪಂದ್ಯ ರದ್ದಾದರೆ ಇಬ್ಬರಿಗೂ ಒಂದೊಂದು ಅಂಕ: ಚೆನ್ನೈ 15, ಬೆಂಗಳೂರು 13. ಆಟ ಮುಗಿಯಿತು. ವರುಣನಿಗೆ ಹಳದಿ ಅಂಗಿ ತೊಡಿಸಿದ ವ್ಯಂಗ್ಯಚಿತ್ರಗಳು ಮಧ್ಯಾಹ್ನದಿಂದಲೇ ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದವು.

ಮಳೆ ಬಂದೇ ಬಂತು. ಮೂರು ಓವರ್, ವಿಕೆಟ್ ನಷ್ಟವಿಲ್ಲದೆ 31 ಆಗಿದ್ದಾಗ ಆಟ ನಿಂತಿತು. ಚಿನ್ನಸ್ವಾಮಿಯ ಹುಲ್ಲಿನ ಕೆಳಗೆ 2017ರಲ್ಲಿ ಹಾಕಿಸಿದ ‘ಸಬ್ ಏರ್’ ಎಂಬ ವ್ಯವಸ್ಥೆಯಿದೆ. ನೆಲದಡಿಯ ಕೊಳವೆಗಳ ಜಾಲದಿಂದ ಯಂತ್ರಗಳು ನೀರನ್ನು ಜಗ್ಗಿ ಎಳೆದುಕೊಳ್ಳುತ್ತವೆ. ನೀರು ತಾನಾಗಿ ಇಂಗಲಿ ಎಂದು ಕಾಯುವ ಕೆಲಸವಿಲ್ಲ. ಕ್ರಿಕೆಟ್ ಮೈದಾನವೊಂದಕ್ಕೆ ಇದನ್ನು ಹಾಕಿದ್ದು ಜಗತ್ತಿನಲ್ಲಿ ಇಲ್ಲೇ ಮೊದಲು. ಮಳೆ ನಿಂತಿತು, ನೆಲ ಒಣಗಿತು, ಒಂದೂ ಓವರ್ ಕಡಿತವಾಗದೆ ಆಟ ಮುಂದುವರಿಯಿತು. ಅದೇ ಸಂಜೆ ಆ ಯಂತ್ರಗಳು ಕೈಕೊಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಕೊಹ್ಲಿ 29 ಎಸೆತಗಳಲ್ಲಿ 47, ನಾಯಕ ಫಾಫ್ ಡು ಪ್ಲೆಸಿ 39ರಲ್ಲಿ 54, ರಜತ್ ಪಾಟೀದಾರ್ 23ರಲ್ಲಿ 41, ಕ್ಯಾಮರಾನ್ ಗ್ರೀನ್ 17ರಲ್ಲಿ ಔಟಾಗದೆ 38. ಒಟ್ಟು 5 ವಿಕೆಟ್‌ಗೆ 218. ಚೆನ್ನೈ ಗೆಲ್ಲಲು 219 ಬೇಕು, ಆದರೆ ಮುಂದೆ ಹೋಗಲು 201 ಸಾಕು. ಆ ಕ್ಷಣದಿಂದ ಪರದೆಯ ಮೇಲೆ ಎರಡು ಗುರಿಗಳು ಮೂಡಿದವು, 219ನ್ನು ಯಾರೂ ನೋಡಲಿಲ್ಲ. ಮೊದಲ ಎಸೆತದಲ್ಲೇ ಗ್ಲೆನ್ ಮ್ಯಾಕ್ಸ್‌ವೆಲ್ ಚೆನ್ನೈ ನಾಯಕ ಋತುರಾಜ್ ಗಾಯಕ್ವಾಡ್ ಅವರನ್ನು ಹೊರಗಟ್ಟಿದರು. ಕಾಡಿದ್ದು ರಚಿನ್ ರವೀಂದ್ರ. ಬೆಂಗಳೂರಿನಿಂದ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿಗೆ ಹೋಗಿ ನೆಲೆಸಿದ ಕುಟುಂಬದ ಹುಡುಗ, ತಂದೆತಾಯಿಯ ಊರಿನಲ್ಲೇ ಹಳದಿ ತೊಟ್ಟು 61 ಹೊಡೆದು ರನೌಟ್ ಆದ. ಮಿಚೆಲ್ ಸ್ಯಾಂಟ್ನರ್ ಹೊಡೆದ ಚೆಂಡನ್ನು ಮಿಡ್ ಆಫ್‌ನಲ್ಲಿ ಡು ಪ್ಲೆಸಿ ಹಿಂದಕ್ಕೆ ಹಾರಿ ಒಂದೇ ಕೈಯಲ್ಲಿ ಹಿಡಿದರು. ವಯಸ್ಸು ನಲವತ್ತರ ಅಂಚು. ಅಷ್ಟಾದರೂ ಜಡೇಜ, ಧೋನಿ ಜೋಡಿ ಪಂದ್ಯವನ್ನು ಎಳೆದು ತಂದು ಕೊನೆಯ ಓವರಿಗೆ ನಿಲ್ಲಿಸಿತು. ಮುಂದೆ ಹೋಗಲು ಚೆನ್ನೈಗೆ 17 ರನ್ ಬೇಕು. ಚೆಂಡು ಯಶ್ ದಯಾಳ್ ಕೈಯಲ್ಲಿ.

ಇದೇ ದಯಾಳ್ 2023ರ ಏಪ್ರಿಲಿನಲ್ಲಿ ಗುಜರಾತ್ ಪರ ಕೊನೆಯ ಓವರ್ ಎಸೆದು ರಿಂಕು ಸಿಂಗ್‌ಗೆ ಸಾಲಾಗಿ ಐದು ಸಿಕ್ಸರ್ ಕೊಟ್ಟವರು. ಅವರನ್ನು ಬೆಂಗಳೂರು 5 ಕೋಟಿಗೆ ಕೊಂಡಾಗ ನಕ್ಕವರು ಕಡಿಮೆಯಿಲ್ಲ. ಮೊದಲ ಎಸೆತ ಫುಲ್‌ಟಾಸ್, ಧೋನಿ ಅದನ್ನು 110 ಮೀಟರ್ ದೂರಕ್ಕೆ, ಕ್ರೀಡಾಂಗಣದ ಹೊರಕ್ಕೆ ಎತ್ತಿದರು. ಇನ್ನು ಐದರಲ್ಲಿ 11. ಊರು ಸ್ತಬ್ಧ. ಆದರೆ ಚೆನ್ನೈಗೆ ಆ ಸಿಕ್ಸರೇ ಮುಳುವಾಯಿತು ಎಂದು ಆಮೇಲೆ ಕಾರ್ತಿಕ್ ನಗುತ್ತಾ ಹೇಳಿದರು. ಇಬ್ಬನಿಯಲ್ಲಿ ನೆನೆದು ಜಾರುತ್ತಿದ್ದ ಚೆಂಡು ಹೊರಗೆ ಹೋಗಿದ್ದರಿಂದ ಬೌಲರಿನ ಕೈಗೆ ಒಣ ಚೆಂಡು ಬಂತು. ಎರಡನೆಯದು ನಿಧಾನಗತಿಯ ಎಸೆತ. ಧೋನಿ ಬೀಸಿದ್ದು ಗಡಿಯ ಬಳಿ ಸ್ವಪ್ನಿಲ್ ಸಿಂಗ್ ಕೈ ಸೇರಿತು. ಶಾರ್ದೂಲ್ ಠಾಕೂರ್‌ಗೆ ಒಂದು ಖಾಲಿ, ಒಂದು ರನ್. ಉಳಿದೆರಡರಲ್ಲಿ 10 ಬೇಕು, ಎದುರಿಗೆ ಜಡೇಜ. ಎರಡು ಸಲ ಬೀಸಿದರು, ಎರಡೂ ಸಲ ಗಾಳಿಗೆ. ಓವರಿನಿಂದ ಬಂದದ್ದು 7. ಚೆನ್ನೈ 191. ಗೆಲುವು 27 ರನ್ನಿನದು, ಬೇಕಾದದ್ದಕ್ಕಿಂತ ಒಂಬತ್ತು ಹೆಚ್ಚು. ಪಂದ್ಯಶ್ರೇಷ್ಠನಾದ ಡು ಪ್ಲೆಸಿ ಪ್ರಶಸ್ತಿಯನ್ನು ದಯಾಳ್‌ಗೆ ಅರ್ಪಿಸಿದರು. ನಡುರಾತ್ರಿಯಲ್ಲಿ ಯಲಹಂಕದ ರಸ್ತೆಗಳಲ್ಲಿ ಹಾರ್ನು ಹಾಕಿದ ಬೈಕುಗಳನ್ನು ನೋಡಿದವರಿಗೆ ಕಪ್ಪೇ ಬಂದಿದೆ ಎನಿಸಬೇಕು. ಬಂದದ್ದು ನಾಲ್ಕನೇ ಸ್ಥಾನ.

ಹೀಗೆ ದಶಮಾಂಶದಿಂದ ಭವಿಷ್ಯ ನಿರ್ಧರಿಸುವುದು ನ್ಯಾಯವೇ ಎಂದು ಚೆನ್ನೈ ಬೆಂಬಲಿಗರು ಕೇಳಿದರು. ಇದೇ ಪ್ರಶ್ನೆಯನ್ನು 17ರಿಂದ ಗೆದ್ದಿದ್ದರೆ ನಾವು ಕೇಳುತ್ತಿದ್ದೆವು. ಪರಸ್ಪರ ಆಡಿದ ಪಂದ್ಯಗಳಲ್ಲಿ ಗೆದ್ದವರಿಗೆ ಕೊಡಿ ಎನ್ನುವವರಿದ್ದಾರೆ. ಆದರೆ ಮಾರ್ಚ್ 22ರ ಉದ್ಘಾಟನಾ ಪಂದ್ಯ ಚೆನ್ನೈಯದು, ಮೇ 18ರದು ಬೆಂಗಳೂರಿನದು, ಅದೂ ಸಮವೇ. ನೆಟ್ ರನ್ ರೇಟಿಗೆ ದೋಷಗಳಿವೆ. ಅದಕ್ಕೆ ವಿಕೆಟ್ ಕಾಣುವುದಿಲ್ಲ: ಕೊನೆಯ ಎಸೆತದಲ್ಲಿ ಒಂದು ವಿಕೆಟ್‌ನಿಂದ ಗೆದ್ದರೂ ಒಂಬತ್ತರಿಂದ ಗೆದ್ದರೂ ಒಂದೇ ಬೆಲೆ. ಅದನ್ನು ಬಳಸಿ ಕುತಂತ್ರವನ್ನೂ ಮಾಡಬಹುದು. 1999ರ ವಿಶ್ವಕಪ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬರೀ 111ರ ಗುರಿಯನ್ನು ಆಸ್ಟ್ರೇಲಿಯಾ ಬೇಕೆಂದೇ 40 ಓವರಿನಾಚೆಗೆ ಎಳೆಯಿತು. ನ್ಯೂಜಿಲೆಂಡಿಗಿಂತ ವಿಂಡೀಸ್ ಮೇಲೆ ಉಳಿಯಲಿ ಎಂಬುದು ಅದರ ಲೆಕ್ಕ. ಆದರೂ ನನ್ನ ಮತ ಈ ಪದ್ಧತಿಯ ಕಡೆಗೇ. ಸೋಲು ಖಚಿತವಾದ ರಾತ್ರಿಯೂ ಕಾರ್ತಿಕ್‌ನಂಥವರು ಆಡಲು ಒಂದು ಕಾರಣ ಬೇಕಲ್ಲ, ಅದನ್ನು ಇದು ಕೊಡುತ್ತದೆ. ಕಾಲ್ಚೆಂಡಿನಲ್ಲಾದರೆ ಈ ಊರು ಇನ್ನೂ ಸರಳವಾದ, ಇನ್ನೂ ಕ್ರೂರವಾದ ಕೊನೆಯ ದಿನವನ್ನು ನೋಡಿದೆ. 2015ರ ಮೇ 31ರಂದು ಕಂಠೀರವದಲ್ಲಿ ಐ-ಲೀಗ್ ಉಳಿಸಿಕೊಳ್ಳಲು ಬೆಂಗಳೂರು ಎಫ್‌ಸಿ ಗೆಲ್ಲಬೇಕು, ಮೋಹನ್ ಬಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ಮುನ್ನಡೆದ ಬೆಂಗಳೂರು, ಮುಗಿಯಲು ಕೆಲವೇ ನಿಮಿಷ ಇರುವಾಗ ಬೆಲ್ಲೋ ರಜಾಕ್ ತಲೆಯಿಂದ ಬಡಿದ ಚೆಂಡಿಗೆ ಪಟ್ಟ ಕಳೆದುಕೊಂಡಿತು.

2024ರ ಕತೆ ಬೇಗ ಮುಗಿಯಿತು. ಮೇ 22ರಂದು ಅಹಮದಾಬಾದಿನ ಎಲಿಮಿನೇಟರಿನಲ್ಲಿ ರಾಜಸ್ಥಾನ 4 ವಿಕೆಟ್‌ಗಳಿಂದ ಗೆದ್ದಿತು. ಮರುವರ್ಷ ಮಳೆ ಮತ್ತೆ ಕೈಯಾಡಿಸಿತು: ಮೇ 17ರ ಕೋಲ್ಕತ್ತ ಪಂದ್ಯ ಇಲ್ಲಿ ಕೊಚ್ಚಿಹೋಯಿತು, 23ರ ಹೈದರಾಬಾದ್ ಪಂದ್ಯ ಲಖನೌಗೆ ಹೋಯಿತು. ಲೀಗಿನ ಕೊನೆಯ ಪಂದ್ಯವೂ ಲಖನೌನಲ್ಲೇ. ಮೇ 27ರಂದು 228ರ ಗುರಿಯನ್ನು ಜಿತೇಶ್ ಶರ್ಮಾ 33 ಎಸೆತಗಳ 85ರಿಂದ ದಾಟಿಸಿ ತಂಡವನ್ನು ಮೊದಲೆರಡು ಸ್ಥಾನಕ್ಕೆ ಸೇರಿಸಿದರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿ, ಹದಿನೆಂಟನೆಯ ಋತುವಿನಲ್ಲಿ ಕೊನೆಗೂ ಕಪ್ ಬಂತು. ಮಾರನೆಯ ದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಸಂಭ್ರಮಿಸಲೆಂದು ಮನೆ ಬಿಟ್ಟವರು ಅವರು.

ಇನ್ನೊಂದು ಋತುವಿನ ಕೊನೆಯ ವಾರ ಬಂದೇ ಬರುತ್ತದೆ, ಮತ್ತೆ ಅದೇ ಪ್ರಶ್ನೆ ಹೆಬ್ಬಾಳದಿಂದ ಯಶವಂತಪುರದವರೆಗೆ ಓಡಾಡುತ್ತದೆ. ಲೆಕ್ಕ ಹಾಕಿ, ಜಗಳವಾಡಿ, ಮೇಲಿನ ಮನೆಯವರ ಕೂಗಿಗೆ ಬೈಯಿರಿ. ಆದರೆ ಕೈಯಲ್ಲಿ ಟಿಕೆಟ್ ಇಲ್ಲದಿದ್ದರೆ, ಯಾರು ಏನೇ ಫಾರ್ವರ್ಡ್ ಮಾಡಲಿ, ಕಬ್ಬನ್ ಪಾರ್ಕಿನ ಕಡೆ ಹೊರಡಬೇಡಿ.